ಚೆಂಡನ್ನು ಫ್ರೀಜರ್‌ನಲ್ಲಿಟ್ಟ ಹುಡುಗಿಗೆ 14,500 ರೂಪಾಯಿಯ ವಿಜ್ಞಾನ ಶಿಬಿರ ಬೇಕಾ?

ಪ್ರಶ್ನೆ: ನಾವು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯವರು. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ 8ನೇ ತರಗತಿ ಓದುತ್ತಿದ್ದಾಳೆ. ಫೆಬ್ರವರಿ ಕೊನೆಗೆ ಶಾಲೆಯವರು ಮಕ್ಕಳನ್ನು ಒಂದು ವಿಶ್ವವಿದ್ಯಾಲಯದ ವಿಜ್ಞಾನ ದಿನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರಬ್ಬರ್ ಚೆಂಡನ್ನು ಹೊಗೆಯಾಡುವ ನೀರಿನಂಥದ್ದರಲ್ಲಿ ಅದ್ದಿ ನೆಲಕ್ಕೆ ಹೊಡೆದರೆ ಚೂರುಚೂರಾಯಿತಂತೆ. ಮನೆಗೆ ಬಂದವಳೇ ತಮ್ಮನ ಚೆಂಡನ್ನು ಫ್ರಿಜ್ಜಿನ ಐಸ್ ಖಾನೆಯಲ್ಲಿ ಎರಡು ದಿನ ಇಟ್ಟು ಹೊಡೆದಳು. ಒಡೆಯಲಿಲ್ಲ. ಆವತ್ತಿನಿಂದ ‘ಯಾಕೆ ಒಡೆಯಲಿಲ್ಲ’ ಅಂತ ಎಲ್ಲರನ್ನೂ ಕೇಳುತ್ತಿದ್ದಾಳೆ. ಈಗ ಒಂದು ಸಂಸ್ಥೆಯವರು ಬೇಸಿಗೆ ರಜೆಗೆ ವಿಶ್ವವಿದ್ಯಾಲಯದಲ್ಲಿ 7 ದಿನದ ‘ಕಿರಿಯ ವಿಜ್ಞಾನಿ ಶಿಬಿರ’ ಅಂತ ಶಾಲೆಯ ಮುಂದೆ ಚೀಟಿ ಹಂಚಿದ್ದಾರೆ. 14,500 ರೂಪಾಯಿ. ಸರ್ಟಿಫಿಕೇಟ್ ಇದ್ದರೆ ಮುಂದೆ ಸೀಟು ಸಿಗುವುದು ಸುಲಭ ಅನ್ನುತ್ತಾರೆ. ಮುಂಗಡ 2,000 ಕೇಳುತ್ತಿದ್ದಾರೆ. ನಮ್ಮ ಮನೆಯವರು ‘ಅದೆಲ್ಲ ಸಿಟಿ ಮಕ್ಕಳಿಗೆ, ಇಂಗ್ಲಿಷ್ ಬರುವವರಿಗೆ’ ಅನ್ನುತ್ತಾರೆ. ಮೇಷ್ಟ್ರು ‘ಎಸ್ಸೆಸ್ಸೆಲ್ಸಿ ಮುಗಿಯಲಿ ಬಿಡಿ’ ಅಂದರು. ಕಳಿಸಬೇಕಾ, ಸುಮ್ನೆ ದುಡ್ಡು ದಂಡವಾ, ಹೇಳಿ.

ಉತ್ತರ:

ತಾಯಿ, ಶಿಬಿರದ ವಿಷಯ ಆಮೇಲೆ. ಮೊದಲು ಮಗಳ ಪ್ರಶ್ನೆಗೆ ಉತ್ತರ ಕೊಡೋಣ. ಇಷ್ಟು ದಿನದಿಂದ ಕೇಳುತ್ತಿದ್ದಾಳೆ, ಇನ್ನೂ ಕಾಯಿಸುವುದು ಬೇಡ.

ಅವಳು ನೋಡಿದ್ದು ನೀರಲ್ಲ, ದ್ರವ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ಇರುವುದು ಈ ಸಾರಜನಕವೇ. ಅದನ್ನು ತಣ್ಣಗೆ ಮಾಡುತ್ತಾ ಹೋದರೆ ದ್ರವವಾಗುತ್ತದೆ. ಆ ದ್ರವ ಕುದಿಯುವುದು ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹೊಗೆಯ ಹಾಗೆ ಕಂಡಿದ್ದು ಸುತ್ತಲಿನ ಗಾಳಿಯ ತೇವ, ಚಳಿಗೆ ಮಂಜಾಗಿದ್ದು. ರಬ್ಬರ್ ಉದ್ದುದ್ದ ಅಣುಸರಪಳಿಗಳಿಂದ ಆಗಿರುತ್ತದೆ. ಮಾಮೂಲಿ ಬಿಸುಪಿನಲ್ಲಿ ಆ ಸರಪಳಿಗಳು ಸದಾ ಅಲುಗಾಡುತ್ತಿರುತ್ತವೆ. ಹೊಡೆದರೆ ಎಳೆದುಕೊಂಡು ನೆಟ್ಟಗಾಗುತ್ತವೆ, ಬಿಟ್ಟರೆ ಮತ್ತೆ ಸುರುಳಿಯಾಗುತ್ತವೆ. ಅದಕ್ಕೇ ಚೆಂಡು ಪುಟಿಯುತ್ತದೆ. ನೈಸರ್ಗಿಕ ರಬ್ಬರ್ ಆದರೆ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ ಹೋದಾಗ ಈ ಅಲುಗಾಟ ನಿಂತುಹೋಗುತ್ತದೆ. ಆಮೇಲೆ ಅದು ಬಾಗುವುದಿಲ್ಲ, ಒಡೆಯುತ್ತದೆ. ನಿಮ್ಮ ಫ್ರಿಜ್ಜಿನ ಐಸ್ ಖಾನೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದರೆ ಹೆಚ್ಚು. ಎರಡು ದಿನ ಅಲ್ಲ, ಎರಡು ವರ್ಷ ಇಟ್ಟರೂ ಚೆಂಡು ಒಡೆಯುವುದಿಲ್ಲ. ಎಷ್ಟು ಹೊತ್ತು ಇಟ್ಟೆವು ಅನ್ನುವುದಕ್ಕಿಂತ ಎಷ್ಟು ತಣ್ಣಗೆ ಮಾಡಿದೆವು ಅನ್ನುವುದು ಮುಖ್ಯ.

ಆದರೆ ಅವಳ ಪ್ರಯೋಗ ಸೋತಿಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೆ. ಮುಂದುವರಿಸಲು ಹೇಳಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಎತ್ತರಕ್ಕೆ ಗೆರೆ ಎಳೆಯಲಿ. ಅದರ ಕೆಳಗೆ ಐದೈದು ಸೆಂಟಿಮೀಟರಿಗೆ ಒಂದೊಂದು ಗುರುತು. ಚೆಂಡನ್ನು ಆ ಗೆರೆಯಿಂದ ಸುಮ್ಮನೆ ಬಿಡಬೇಕು, ಎಸೆಯಬಾರದು. ಎಷ್ಟು ಎತ್ತರ ಪುಟಿಯಿತು ಅಂತ ತಮ್ಮ ನೋಡಿ ಹೇಳಲಿ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಇನ್ನೂ ಒಳ್ಳೆಯದು. ಹತ್ತು ಸಲ ಬಿಟ್ಟು ಬರೆದುಕೊಳ್ಳಲಿ. ಆಮೇಲೆ ಐಸ್ ಖಾನೆಯಿಂದ ತೆಗೆದ ತಕ್ಷಣ ಹತ್ತು ಸಲ. ಆಮೇಲೆ ಕೈಸುಡದಷ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಹತ್ತು ಸಲ. ತಣ್ಣಗಿನ ಚೆಂಡು ಕಡಿಮೆ ಪುಟಿಯುವುದು ಅವಳ ಕಣ್ಣಿಗೇ ಕಾಣುತ್ತದೆ. ತಣ್ಣಗಿನ ಚೆಂಡಿನ ಹತ್ತು ಅಳತೆಯಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಬರಬಹುದು. ಯಾಕೆ ಅಂತ ಅವಳೇ ಯೋಚಿಸಲಿ, ನೀವು ಹೇಳಿಕೊಡಬೇಡಿ.

ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಶಾಲಾಮಕ್ಕಳಿಗೆ ಪ್ರಯೋಗಾಲಯ ತೋರಿಸುವ ಕೆಲಸವನ್ನೂ ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ದ್ರವ ಸಾರಜನಕ ತೋರಿಸಿದರೆ ಎಲ್ಲ ಮಕ್ಕಳೂ ಚಪ್ಪಾಳೆ ಹೊಡೆಯುತ್ತಾರೆ. ಮನೆಗೆ ಹೋಗಿ ಅದನ್ನೇ ಮಾಡಿ ನೋಡುವವರು ಬಹಳ ಕಡಿಮೆ. ನಿಮ್ಮ ಮಗಳು ಮಾಡಿ ನೋಡಿದಳು, ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಕೇಳಿದಳು. ಮೊದಲನೇ ಪ್ರಶ್ನೆಯನ್ನು ಹುಟ್ಟಿಸುವುದು ನಮ್ಮಂಥವರಿಗೆ ಸುಲಭ. ಎರಡನೇ ಪ್ರಶ್ನೆ ಬಂದಾಗ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ ಅನ್ನುವುದೇ ಕಷ್ಟದ ಭಾಗ. ಯಾವ ಶಿಬಿರ, ಯಾವ ಸ್ಪರ್ಧೆ, ಎಷ್ಟು ದುಡ್ಡು ಅನ್ನುವುದನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ನೋಡಿ.

ಈಗ ಸರ್ಟಿಫಿಕೇಟಿನ ಮಾತು. ಚೀಟಿಯಲ್ಲಿ ಹೇಳಿದ್ದು ನಿಜ ಅಲ್ಲ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಸೀಟಿನ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್. ವಿಜ್ಞಾನವನ್ನೇ ಆಳವಾಗಿ ಓದಿಸುವ ಐಸರ್ ಸಂಸ್ಥೆಗಳಿಗೆ ಅವರದೇ ಪ್ರವೇಶ ಪರೀಕ್ಷೆ ಇದೆ. ಇವುಗಳಲ್ಲಿ ಎಲ್ಲೂ ‘ಬೇಸಿಗೆ ಶಿಬಿರದ ಸರ್ಟಿಫಿಕೇಟ್ ಲಗತ್ತಿಸಿ’ ಅನ್ನುವ ಕಾಲಂ ಇಲ್ಲ. ಕೆಲವರು ವಿಜ್ಞಾನ ಓದುವವರಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಕೆವಿಪಿವೈ ಹೆಸರು ಹೇಳಿ ‘ಅದಕ್ಕೆ ಇದು ತಯಾರಿ’ ಅನ್ನುತ್ತಾರೆ. 1999ರಲ್ಲಿ ಶುರುವಾಗಿದ್ದ ಆ ಯೋಜನೆಯನ್ನು 2022ರಲ್ಲಿ ಕೇಂದ್ರ ಸರ್ಕಾರದ್ದೇ ಆದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿಬಿಟ್ಟಿದ್ದಾರೆ. ಕೆವಿಪಿವೈ ಪರೀಕ್ಷೆ ಈಗ ನಡೆಯುವುದಿಲ್ಲ. ಹಳೇ ಹೆಸರು ಇನ್ನೂ ಚೀಟಿಗಳಲ್ಲಿ ಓಡಾಡುತ್ತಿದೆ.

ಪರೀಕ್ಷೆಯ ಅಂಕದ ಜೊತೆಗೆ ಬೇರೆ ಚಟುವಟಿಕೆಗೂ ಬೆಲೆ ಕೊಡುವ ಒಂದು ಅಪವಾದ ಉಂಟು, ಅದು ನಿಮಗೆ ತುಂಬಾ ಉಪಯೋಗದ್ದು. ಇಸ್ರೋದ ‘ಯುವಿಕಾ’, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ. 2019ರಲ್ಲಿ ಶುರುವಾಯಿತು. 9ನೇ ತರಗತಿಯ ಮಕ್ಕಳಿಗೆ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೋದ ಒಂದು ಕೇಂದ್ರದಲ್ಲೇ ಇದ್ದು ಕಲಿಯುವುದು. ಊಟ, ವಸತಿ, ಓಡಾಟ ಎಲ್ಲ ಅವರದೇ ಖರ್ಚು. ಅವರು ಅಂಕ ಹಾಕುವ ರೀತಿ ನೋಡಿ: 8ನೇ ತರಗತಿಯ ಅಂಕಕ್ಕೆ ಶೇಕಡ 50. ಪಂಚಾಯತಿ ವ್ಯಾಪ್ತಿಯ ಶಾಲೆಯಲ್ಲಿ ಓದುತ್ತಿದ್ದರೆ ಶೇಕಡ 15. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ, ಮಟ್ಟ ನೋಡಿಕೊಂಡು, 10ರ ತನಕ. ಒಲಿಂಪಿಯಾಡ್, ಆಟೋಟ, ಸ್ಕೌಟು, ಎನ್‌ಸಿಸಿಗೂ ಸ್ವಲ್ಪ ಸ್ವಲ್ಪ ಇದೆ. ಅಂದರೆ ಹಳ್ಳಿ ಶಾಲೆ ಅನ್ನುವುದು ಇಲ್ಲಿ ನಿಮ್ಮ ಮಗಳಿಗೆ ಅನುಕೂಲ. ಮತ್ತೆ, ಈಗ ಬರೆಯಲಿರುವ 8ನೇ ತರಗತಿಯ ಪರೀಕ್ಷೆಯೇ ಅರ್ಧ ತೂಕದ್ದು. ಇಲ್ಲೂ ಲೆಕ್ಕಕ್ಕೆ ಬರುವುದು ಶಾಲೆ, ಜಿಲ್ಲೆ, ರಾಜ್ಯ ಮಟ್ಟದ ಮೇಳಗಳು. ದುಡ್ಡು ಕೊಟ್ಟು ಸೇರಿದ ಶಿಬಿರ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಾಗಾದರೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಷ್ಟೊಂದು ಶಿಬಿರ ಯಾಕೆ ಹುಟ್ಟಿಕೊಂಡಿವೆ? ಒಳಗಿನವರಾಗಿ ಹೇಳುತ್ತೇನೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆ, ಸಮಾಜಕ್ಕೆ ನೀವು ಏನು ಮಾಡಿದಿರಿ ಅಂತಲೂ ನೋಡುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿಗಳ ಸಾಮಾಜಿಕ ಹೊಣೆಯ ಬಗ್ಗೆ ಮಾರ್ಗಸೂಚಿಯನ್ನೂ ತಂದಿತು. ಎರಡೂ ಒಳ್ಳೆಯವೇ. ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಪ್ರಯೋಗಾಲಯದ ಬಾಗಿಲು ಮಕ್ಕಳಿಗೆ ತೆರೆಯಲೇಬೇಕು. ಆದರೆ ಲೆಕ್ಕ ತೋರಿಸಬೇಕಾದ ಕಡೆ ಎಷ್ಟು ಮಕ್ಕಳು ಬಂದರು, ಬ್ಯಾನರ್ ಹಿಡಿದ ಫೋಟೋ ಇದೆಯಾ ಅನ್ನುವುದೇ ಮುಖ್ಯ ಆಗಿಬಿಡುತ್ತದೆ. ಐನೂರು ಮಕ್ಕಳನ್ನು ಒಂದು ದಿನ ಕರೆಸಿದರೆ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಇಪ್ಪತ್ತು ಮಕ್ಕಳನ್ನು ವರ್ಷವಿಡೀ ಕರೆಸಿದರೆ ಬರೀ ಇಪ್ಪತ್ತು ಅಂತ ಕಾಣುತ್ತದೆ. ಇದನ್ನು ಬದಲಾಯಿಸಬೇಕು ಅಂತ ನಾವು ಸಭೆಗಳಲ್ಲಿ ಹೇಳುತ್ತಲೇ ಇದ್ದೇವೆ.

ಇನ್ನೊಂದು ಕಡೆ, ರಜೆಯಲ್ಲಿ ಖಾಲಿ ಇರುವ ಸಭಾಂಗಣ, ಹಾಸ್ಟೆಲ್ಲುಗಳನ್ನು ಬಾಡಿಗೆಗೆ ಕೊಡುವುದು ಮಾಮೂಲು. ಹೊರಗಿನವರು ಬಾಡಿಗೆ ಕಟ್ಟಿ ಜಾಗ ಹಿಡಿಯುತ್ತಾರೆ. ಚೀಟಿಯಲ್ಲಿ ‘ವಿಶ್ವವಿದ್ಯಾಲಯದಲ್ಲಿ’ ಅಂತ ದಪ್ಪಗೆ ಅಚ್ಚು ಹಾಕಿಸುತ್ತಾರೆ. ಅಲ್ಲಿ ನಡೆಯುತ್ತದೆ ಅನ್ನುವುದು ನಿಜ. ಆದರೆ ಪಾಠ ಮಾಡುವವರು ವಿಶ್ವವಿದ್ಯಾಲಯದವರಲ್ಲ, ಪ್ರಯೋಗಾಲಯದ ಬೀಗವೂ ತೆಗೆಯುವುದಿಲ್ಲ. ಎಲ್ಲ ಖಾಸಗಿ ಶಿಬಿರವೂ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವೂ ಇವೆ. ಆದರೆ ದುಡ್ಡು ಕಟ್ಟುವ ಮೊದಲು ಕೆಲವು ವಿಷಯ ಖಚಿತ ಮಾಡಿಕೊಳ್ಳಿ.

ವಿಶ್ವವಿದ್ಯಾಲಯವೇ ನಡೆಸುವ ಶಿಬಿರ ಆದರೆ ಅವರ ಸ್ವಂತ ಜಾಲತಾಣದಲ್ಲಿ ಸುತ್ತೋಲೆ ಇರುತ್ತದೆ, ಒಬ್ಬ ಪ್ರಾಧ್ಯಾಪಕರ ಹೆಸರು ಸಂಯೋಜಕರು ಅಂತ ಇರುತ್ತದೆ. ಶುಲ್ಕ ಇದ್ದರೆ ಅದು ಹೋಗುವುದು ವಿಶ್ವವಿದ್ಯಾಲಯದ ಖಾತೆಗೆ. ಯಾರದೋ ಫೋನ್‌ಪೇ ನಂಬರಿಗಲ್ಲ. ಆ ವಿಭಾಗದ ಕಚೇರಿಗೆ ಒಂದು ಫೋನ್ ಮಾಡಿ ‘ಇದು ನಿಮ್ಮದೇ ಶಿಬಿರವಾ’ ಅಂತ ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ವೇಳಾಪಟ್ಟಿ ಕೇಳಿ. ದಿನಕ್ಕೆ ಎಷ್ಟು ಹೊತ್ತು ಮಗು ಕೈಯಿಂದ ಮಾಡುತ್ತದೆ, ಎಷ್ಟು ಹೊತ್ತು ಕೂತು ಕೇಳುತ್ತದೆ ನೋಡಿ. ಒಂದು ಮೇಜಿಗೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಇದ್ದರೆ ಇಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಹೀಗಾದಾಗ ಹಿಂದೆ ಸರಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಕಣ್ಣಾರೆ ನೋಡಿದ್ದೇನೆ. ಮಗು ರಾತ್ರಿ ಉಳಿಯುವ ಶಿಬಿರ ಆದರೆ ಹೆಣ್ಣುಮಕ್ಕಳ ಜೊತೆ ರಾತ್ರಿ ಯಾವ ಮಹಿಳಾ ವಾರ್ಡನ್ ಇರುತ್ತಾರೆ, ದಿನಾ ಫೋನ್‌ನಲ್ಲಿ ಮಾತಾಡಲು ಬಿಡುತ್ತಾರಾ, ಹುಷಾರು ತಪ್ಪಿದರೆ ಯಾವ ಆಸ್ಪತ್ರೆ ಅಂತ ಕೇಳಿ. ನಾಚಿಕೊಳ್ಳಬೇಡಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಉತ್ತರ ತಯಾರಿಟ್ಟುಕೊಂಡಿರುತ್ತಾರೆ. ಆಮ್ಲ, ಬೆಂಕಿ, ದ್ರವ ಸಾರಜನಕ ಬಳಸುವ ಕಡೆ ಮಕ್ಕಳಿಗೆ ಕಣ್ಣಿಗೆ ಕನ್ನಡಕ ಕೊಡದಿದ್ದರೆ ಅಲ್ಲಿಗೆ ಕಳಿಸಲೇಬೇಡಿ.

ಕೊನೆಯದಾಗಿ ಇದೊಂದನ್ನು ಕೇಳಿ: ಶಿಬಿರ ಮುಗಿದ ಮೇಲೆ ಮಗುವಿಗೆ ಒಂದು ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು? ಇದಕ್ಕೆ ಒಂದು ಹೆಸರು ಸಿಕ್ಕರೆ ಶಿಬಿರದ ಬಗ್ಗೆ ಯೋಚಿಸಬಹುದು. ಸಿಗದಿದ್ದರೆ 14,500 ಕೊಟ್ಟು ಇನ್ನೊಂದು ವಿಜ್ಞಾನ ದಿನ ನೋಡಿಕೊಂಡು ಬಂದ ಹಾಗೆ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ‘ಅದೆಲ್ಲ ನಮಗಲ್ಲ’ ಅನ್ನುವುದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ಅನುಭವದ ಮಾತು. ಇದು ನಮ್ಮಲ್ಲಿ ಮಾತ್ರ ಅಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2009ರಲ್ಲಿ ‘ಆಸ್ಪೈರ್ಸ್’ ಅನ್ನುವ ಅಧ್ಯಯನ ಶುರು ಮಾಡಿದರು. ಇಂಗ್ಲೆಂಡಿನ 10ರಿಂದ 14 ವರ್ಷದ ಸಾವಿರಾರು ಮಕ್ಕಳನ್ನು ಮಾತಾಡಿಸಿದರು. ಹೆಚ್ಚಿನ ಮಕ್ಕಳು ವಿಜ್ಞಾನ ಇಷ್ಟ ಅಂದರು. ವಿಜ್ಞಾನಿ ಆಗಬೇಕು ಅಂದವರು ಸುಮಾರು ಶೇಕಡ 15 ಮಾತ್ರ. ಇಷ್ಟ ಇದ್ದೂ ಯಾಕೆ ಬೇಡ? ಅಂಥ ಕೆಲಸದಲ್ಲಿರುವವರನ್ನು ಅವರು ಹತ್ತಿರದಿಂದ ನೋಡಿಲ್ಲ. ಮನೆಯಲ್ಲಿ, ನೆಂಟರಲ್ಲಿ ಅಂಥವರು ಇಲ್ಲ. ‘ನಮ್ಮಂಥವರು ಅಲ್ಲಿಗೆ ಹೋಗುವುದಿಲ್ಲ’ ಅಂತ ಮಕ್ಕಳೇ ತೀರ್ಮಾನ ಮಾಡಿಬಿಡುತ್ತಾರೆ. ಆಸಕ್ತಿ ಹುಟ್ಟಿಸಿದರೆ ಸಾಕು, ಮಕ್ಕಳು ತಾವಾಗೇ ಬರುತ್ತಾರೆ ಅಂತ ನಂಬಿ ನಡೆಸುವ ಕಾರ್ಯಕ್ರಮಗಳು ಸೋಲುವುದು ಇಲ್ಲೇ.

ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ಒಂದೇ, ಮುಖ ಪರಿಚಯ. ನಮ್ಮ ಪ್ರಯೋಗಾಲಯಕ್ಕೆ ಬರುವ ಸರ್ಕಾರಿ ಶಾಲೆ ಮಕ್ಕಳಿಗೆ ಉಪಕರಣ ತೋರಿಸುವುದಕ್ಕೆ ಹಳ್ಳಿಯಿಂದ ಬಂದ ಪಿಎಚ್‌ಡಿ ವಿದ್ಯಾರ್ಥಿನಿಯರನ್ನೇ ನಿಲ್ಲಿಸುತ್ತೇವೆ. ‘ನಾನೂ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್’ ಅಂತ ಅವರು ಹೇಳಿದ ಕೂಡಲೇ ಮಕ್ಕಳು ಉಪಕರಣ ಬಿಟ್ಟು ಆ ಅಕ್ಕನನ್ನೇ ನೋಡುತ್ತಾರೆ. ಆಮೇಲೆ ಬರುವ ಪ್ರಶ್ನೆಗಳೇ ಬೇರೆ. ‘ಅಕ್ಕಾ, ಮನೆಯಲ್ಲಿ ಕಳಿಸಿದರಾ?’, ‘ಹಾಸ್ಟೆಲ್ ಫೀಸು ಎಷ್ಟು?’, ‘ಪಿಯುಸಿಯಲ್ಲಿ ಕಷ್ಟ ಆಗಲಿಲ್ವಾ?’ ಇವು ವಿಜ್ಞಾನದ ಪ್ರಶ್ನೆಗಳಲ್ಲ ಅನ್ನಬೇಡಿ. ಮಗು ತನ್ನನ್ನು ಅಲ್ಲಿ ನಿಲ್ಲಿಸಿಕೊಂಡು ನೋಡುತ್ತಿದೆ.

ಇಂಗ್ಲಿಷ್ ವಿಷಯದಲ್ಲಿ ಕಷ್ಟ ಇರುವುದು ನಿಜ, ಮುಚ್ಚಿಡುವುದಿಲ್ಲ. ವಿಜ್ಞಾನ ದಿನಗಳಲ್ಲಿ ವಿವರಿಸುವವರು ಬಹಳ ಸಲ ಇಂಗ್ಲಿಷ್, ಹಿಂದಿಯಲ್ಲೇ ಮಾತಾಡುತ್ತಾರೆ. ಪಿಯುಸಿ ವಿಜ್ಞಾನಕ್ಕೆ ಹೋದಾಗ ಪಾಠ ಇಂಗ್ಲಿಷಿಗೆ ತಿರುಗುತ್ತದೆ, ಮೊದಲ ಆರು ತಿಂಗಳು ಒದ್ದಾಟ ಇದ್ದೇ ಇದೆ. ಆದರೆ ಇಂಗ್ಲಿಷ್ ಬರುವುದಿಲ್ಲ ಅನ್ನುವುದಕ್ಕೂ ವಿಜ್ಞಾನ ಬರುವುದಿಲ್ಲ ಅನ್ನುವುದಕ್ಕೂ ಸಂಬಂಧ ಇಲ್ಲ. ಒಂದು ಸಲ ಇಂಗ್ಲಿಷಿನಲ್ಲಿ ಜಡತ್ವದ ಬಗ್ಗೆ ಕೇಳಿದಾಗ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ‘ಬಸ್ಸು ಬ್ರೇಕ್ ಹಾಕಿದರೆ ನೀನು ಯಾಕೆ ಮುಂದಕ್ಕೆ ಬೀಳುತ್ತೀಯ’ ಅಂತ ಕೇಳಿದೆ. ‘ಬಸ್ಸು ನಿಂತಿತು, ನಾನು ಇನ್ನೂ ಹೋಗ್ತಾ ಇದ್ದೀನಲ್ಲ ಸರ್’ ಅಂದಳು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳುತ್ತದೆ? ಮಗಳಿಗೆ ಈಗಿನಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿ. ಪಾಠದಲ್ಲಿ ಬರುವ ಕನ್ನಡ ಪಾರಿಭಾಷಿಕ ಪದದ ಪಕ್ಕ ಇಂಗ್ಲಿಷ್ ಪದ ಬರೆದುಕೊಳ್ಳುತ್ತಾ ಹೋಗಲಿ. ದಿನಕ್ಕೆ ಎರಡು ಪದ ಸಾಕು. ಪಿಯುಸಿ ಹೊತ್ತಿಗೆ ಅರ್ಧ ಭಾರ ಇಳಿದಿರುತ್ತದೆ.

ಮೇಷ್ಟ್ರು ಎಸ್ಸೆಸ್ಸೆಲ್ಸಿ ಮುಗಿಯಲಿ ಅಂದದ್ದು ಅವರ ಕಡೆಯಿಂದ ಸರಿಯೇ, ಫಲಿತಾಂಶ ಕಡಿಮೆ ಬಂದರೆ ಮೇಲಿನವರು ಕೇಳುವುದು ಅವರನ್ನೇ. ಹತ್ತನೇ ತರಗತಿಯ ವರ್ಷ ಇಂಥವನ್ನು ಕಡಿಮೆ ಮಾಡಿ ಅಂತ ನಾನೂ ಹೇಳುತ್ತೇನೆ. ಆದರೆ ನಿಮ್ಮ ಮಗಳಿಗೆ ಮುಂದೆ 9ನೇ ತರಗತಿ ಪೂರ್ತಿ ಇದೆ. ಹತ್ತು ಮುಗಿಯಲಿ ಅಂತ ಕಾದರೆ ಆಮೇಲೆ ಪಿಯುಸಿ, ಸಿಇಟಿ, ನೀಟ್ ಅಂತ ಉಸಿರಾಡಲು ಬಿಡುವುದಿಲ್ಲ. ಕುತೂಹಲಕ್ಕೆ ಸಮಯ ಇರುವುದು ಈಗಲೇ.

ಹಾಗಾದರೆ ಏನು ಮಾಡಬಹುದು? ನನ್ನ ಮೊದಲ ಸಲಹೆ ನಿಮಗೆ ವಿಚಿತ್ರ ಅನ್ನಿಸಬಹುದು. ದೂರದ ವಿಶ್ವವಿದ್ಯಾಲಯ ಬಿಟ್ಟು ಹತ್ತಿರದ ಹನುಮನಮಟ್ಟಿಗೆ ಹೋಗಿ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮನೆಯವರು ಗೊಬ್ಬರ, ಬೀಜ ಅಂತ ಆ ಕಡೆ ಹೋಗುವುದಿದ್ದರೆ ಮಗಳನ್ನೂ ಕರೆದುಕೊಂಡು ಹೋಗಲಿ. ಮಣ್ಣು ಪರೀಕ್ಷೆ ಎಲ್ಲಿ, ಯಾವ ದಿನ ಮಾಡುತ್ತಾರೆ ಕೇಳಿಕೊಂಡು, ನಿಮ್ಮದೇ ಹೊಲದ ಮಣ್ಣು ಕೊಟ್ಟು, ಅದಕ್ಕೆ ಏನೇನು ಮಾಡುತ್ತಾರೆ ಅಂತ ಅವಳು ನಿಂತು ನೋಡಲಿ. ರಂಜಕ ಎಷ್ಟಿದೆ ಅಂತ ನೋಡುವಾಗ ದ್ರಾವಣ ನೀಲಿ ಆಗುತ್ತದೆ. ನೀಲಿ ಗಾಢ ಆದಷ್ಟೂ ರಂಜಕ ಜಾಸ್ತಿ. ಪೊಟ್ಯಾಸಿಯಂ ಅಳೆಯಲು ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿ ಹೊರಬರುವ ಬೆಳಕನ್ನು ಅಳೆಯುತ್ತಾರೆ. ಅವಳು ಪಾಠದಲ್ಲಿ ಓದಿದ ರಸಾಯನಶಾಸ್ತ್ರ ಅಪ್ಪನ ಹೊಲದ ಚೀಟಿಯಾಗಿ ಕೈಗೆ ಬರುತ್ತದೆ. ಇದರ ದೊಡ್ಡ ಲಾಭ, ಮತ್ತೆ ಹೋಗಬಹುದು. ಮುಂದಿನ ತಿಂಗಳೂ ಆ ವಿಜ್ಞಾನಿ ಅಲ್ಲೇ ಇರುತ್ತಾರೆ. ಅಪ್ಪನಿಗೂ ಪರಿಚಯದ ಜಾಗ, ಹಾಗಾಗಿ ‘ನಮಗಲ್ಲ’ ಅನ್ನುವ ಮಾತು ಅಲ್ಲಿ ಏಳುವುದಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುವ ಧಾರವಾಡದ ಕೃಷಿ ಮೇಳಕ್ಕೆ ಹೋಗುವುದಿದ್ದರೆ ಅವಳೂ ಬರಲಿ. ಆ ಊರಿನ ಪ್ರಾದೇಶಿಕ ವಿಜ್ಞಾನ ಕೇಂದ್ರವನ್ನೂ ನೋಡಿಕೊಂಡು ಬನ್ನಿ.

ಎರಡನೆಯದು, ಶಾಲೆಯ ಮೂಲಕವೇ ಹೋಗುವ ದಾರಿಗಳು. ಇನ್‌ಸ್ಪೈರ್ ಮಾನಕ್ ಅಂತ ಇದೆ. ಮಗು ತನ್ನ ಸ್ವಂತ ಐಡಿಯಾ ಕೊಡಬೇಕು, ಶಾಲೆಯವರು ಆನ್‌ಲೈನ್‌ನಲ್ಲಿ ಹಾಕಬೇಕು. ಒಂದು ಶಾಲೆಯಿಂದ ಐದು ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ಎಷ್ಟೋ ಶಾಲೆಗಳಲ್ಲಿ ಐದು ಐಡಿಯಾ ಭರ್ತಿ ಆಗುವುದೇ ಇಲ್ಲ. ಕೇಳುವವರು ಇದ್ದರೆ ಮೇಷ್ಟ್ರೂ ಹಾಕುತ್ತಾರೆ. ಮಕ್ಕಳ ವಿಜ್ಞಾನ ಸಮಾವೇಶ ಇನ್ನೊಂದು. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು ಅಧ್ಯಯನ ಮಾಡಿ ತಾಯ್ನುಡಿಯಲ್ಲೇ ವರದಿ ಮಾಡಬಹುದು. ನಮ್ಮ ರಾಜ್ಯದಲ್ಲಿ ಇದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ನಿಮ್ಮ ಜಿಲ್ಲೆಯಲ್ಲಿ ವಿಷಯಕ್ಕೆ ಬರವಾ? ಬ್ಯಾಡಗಿ ಮೆಣಸಿನಕಾಯಿ ನೆರಳಲ್ಲಿ ಒಣಗಿಸಿದರೆ, ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಎಷ್ಟು ಉಳಿಯುತ್ತದೆ? ಆ ಕೆಂಪು ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಒಗ್ಗರಣೆಯಲ್ಲಿ ದಿನಾ ನೋಡುತ್ತೀರಲ್ಲ. ಒಂದೇ ತೂಕದ ಪುಡಿಯನ್ನು ಒಂದೇ ಅಳತೆಯ ಎಣ್ಣೆಗೆ ಹಾಕಿ, ಸೋಸಿ, ಬಣ್ಣ ಹೋಲಿಸಬಹುದು. ದುಡ್ಡೇ ಬೇಡ.

ಇಲ್ಲಿನ ಅಪಾಯವನ್ನೂ ಹೇಳಬೇಕು. ತೀರ್ಪುಗಾರನಾಗಿ ಕೂತಾಗ ಬಹಳ ಬೇಜಾರಾಗುವುದು, ಪ್ರಾಜೆಕ್ಟನ್ನು ದೊಡ್ಡವರು ಮಾಡಿಕೊಟ್ಟು ಮಗು ಬಾಯಿಪಾಠ ಒಪ್ಪಿಸುವಾಗ. ಥರ್ಮೋಕೋಲ್ ಮಾದರಿ ಚೆಂದ ಇರುತ್ತದೆ, ‘ನೀನು ಅಳೆದಾಗ ಎಷ್ಟು ಬಂತು’ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಮಗಳ ಕೆಲಸ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ, ಅವಳದೇ ಇರಲಿ. ಆಯ್ಕೆ ಆಗಲಿಲ್ಲ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳದ ಹಾಗೆ ಮೊದಲೇ ಮಾತಾಡಿಡಿ.

ಹೆಣ್ಣುಮಕ್ಕಳಿಗೇ ಅಂತ 9ರಿಂದ 12ನೇ ತರಗತಿಗೆ ‘ವಿಜ್ಞಾನ ಜ್ಯೋತಿ’ ಅನ್ನುವ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ. ನವೋದಯ ಶಾಲೆಗಳ ಮೂಲಕ ನಡೆಯುತ್ತದೆ, ಅಕ್ಕಪಕ್ಕದ ಸರ್ಕಾರಿ ಶಾಲೆಯ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಹಾವೇರಿ ಜಿಲ್ಲೆಯ ನವೋದಯದಲ್ಲಿ ನಡೆಯುತ್ತಿದೆಯಾ ಅಂತ ಜೂನ್‌ನಲ್ಲಿ ವಿಚಾರಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟದ ದಾರಿ, ಮೇಷ್ಟ್ರನ್ನು ಒಳಗೆ ತರುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರು ಕೆಲವು ದಿನ ಉಳಿದು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ಕಲಿಯುತ್ತಾರೆ. ಒಬ್ಬ ಶಿಕ್ಷಕರು ಹೋಗಿಬಂದರೆ ನಿಮ್ಮ ಮಗಳಿಗೆ ಮಾತ್ರ ಅಲ್ಲ, ಮುಂದೆ ಹತ್ತಿಪ್ಪತ್ತು ವರ್ಷ ಆ ಶಾಲೆಗೆ ಬರುವ ಮಕ್ಕಳಿಗೆಲ್ಲ ಎರಡನೇ ಪ್ರಶ್ನೆ ಕೇಳಲು ಜಾಗ ಸಿಕ್ಕಿತು. ಎಸ್‌ಡಿಎಂಸಿ ಸಭೆಯಲ್ಲಿ ನೀವು ಈ ಮಾತು ಎತ್ತಬಹುದು. ತಾಯಂದಿರು ಕೇಳಿದರೆ ಅದಕ್ಕೆ ತೂಕ ಇರುತ್ತದೆ.

ನಿಯಮಿತವಾಗಿ ನಡೆಯುವುದರ ಬೆಲೆ ಏನು ಅನ್ನುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಸಂಜೆ ಉಪನ್ಯಾಸ. ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡಿಲ್ಲ. ಒಂದು ವಾರ ಅರ್ಥ ಆಗದಿದ್ದರೆ ಮುಂದಿನ ವಾರ ಮತ್ತೆ ಹೋಗಬಹುದು. ಬೆಂಗಳೂರಿನ ಎಷ್ಟೋ ಜನ ವಿಜ್ಞಾನದ ಕಡೆ ತಿರುಗಿದ್ದು ಹೀಗೆ ಮತ್ತೆ ಮತ್ತೆ ಹೋಗಿಬಂದು. ನೆಹರೂ ತಾರಾಲಯದಲ್ಲೂ ವಿದ್ಯಾರ್ಥಿಗಳಿಗೆ ರಜಾದಿನದ ತರಗತಿಗಳು ನಡೆಯುತ್ತವೆ. ಹಾವೇರಿಗೆ, ರಾಣೆಬೆನ್ನೂರಿಗೆ ಇಂಥದ್ದು ಇನ್ನೂ ಬಂದಿಲ್ಲವಲ್ಲ ಅನ್ನುವ ಕೊರಗು ನನಗಿದೆ. ಹೆಚ್ಚಿನ ತಾಲ್ಲೂಕುಗಳಲ್ಲಿ ಪದವಿ ಕಾಲೇಜು ಇದೆ, ಪ್ರಯೋಗಾಲಯ ಇದೆ. ತಿಂಗಳಿಗೆ ಎರಡು ಶನಿವಾರ ಬಾಗಿಲು ತೆಗೆದರೆ ಸಾಕು. ನಿಮ್ಮ ತಾಲ್ಲೂಕಿನ ಕಾಲೇಜಿನ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಉಪನ್ಯಾಸಕರನ್ನು ಮಗಳ ಜೊತೆ ಹೋಗಿ ಒಮ್ಮೆ ಮಾತಾಡಿಸಿ. ಚೆಂಡಿನ ಅಳತೆಗಳನ್ನು ಬರೆದ ಪುಸ್ತಕ ತೋರಿಸಿದರೆ ‘ಬರಬೇಡ’ ಅನ್ನುವ ಉಪನ್ಯಾಸಕರು ಸಿಗುವುದು ಅಪರೂಪ.

ಕೊನೆಗೆ, ದೊಡ್ಡ ಜಾಗ ಒಂದನ್ನು ತೋರಿಸಲೇಬೇಕು ಅನ್ನಿಸಿದರೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಅದೇ ಭಾರತೀಯ ವಿಜ್ಞಾನ ಸಂಸ್ಥೆ, ವರ್ಷಕ್ಕೊಮ್ಮೆ ‘ಓಪನ್ ಡೇ’ ಮಾಡುತ್ತದೆ. ಸಾಮಾನ್ಯವಾಗಿ ಫೆಬ್ರವರಿ ಕೊನೆ ಇಲ್ಲವೇ ಮಾರ್ಚ್ ಮೊದಲಿಗೆ, ಶನಿವಾರ. ಪ್ರವೇಶ ಉಚಿತ. ರಾಣೆಬೆನ್ನೂರಿನಿಂದ ರಾತ್ರಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಹತ್ತಿರ. ಜನಜಾತ್ರೆ ಇರುತ್ತದೆ, ಬೆಳಗ್ಗೆ ಬೇಗ ಹೋಗಿ. ಎಲ್ಲ ನೋಡುತ್ತೇವೆ ಅಂತ ಓಡಬೇಡಿ. ನಾಲ್ಕು ವಿಭಾಗ ಆರಿಸಿಕೊಂಡು ಪ್ರತಿ ಕಡೆ ಅರ್ಧ ಗಂಟೆ ನಿಲ್ಲಿ. ಅಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳನ್ನು ‘ಇದರಲ್ಲಿ ನಿಮಗೆ ಇನ್ನೂ ಗೊತ್ತಾಗದೆ ಇರುವುದು ಏನು’ ಅಂತ ಮಗಳು ಕೇಳಲಿ. ಬಾಯಿಪಾಠದ ವಿವರಣೆ ನಿಂತು ನಿಜವಾದ ಮಾತು ಶುರುವಾಗುತ್ತದೆ. ಕನ್ನಡ ಬರುವವರು ಯಾರಿದ್ದೀರಿ ಅಂತ ಗಟ್ಟಿಯಾಗಿಯೇ ಕೇಳಿ, ಯಾರಾದರೂ ಸಿಕ್ಕೇ ಸಿಗುತ್ತಾರೆ.

ಆ ಶಿಬಿರಕ್ಕೆ ಈಗಾಗಲೇ ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಕೊಟ್ಟಾಗಿದ್ದರೆ ರಸೀದಿ ಇಟ್ಟುಕೊಂಡು, ಮೇಲೆ ಹೇಳಿದ ಪ್ರಶ್ನೆಗಳನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಬಾಯಿಮಾತಿನ ಉತ್ತರ ಬೇಡ, ಬರಹದಲ್ಲೇ ಬರಲಿ. ಉತ್ತರ ಸಮಾಧಾನ ತಂದರೆ ಮಗಳನ್ನು ಕೇಳಿ ತೀರ್ಮಾನಿಸಿ. ತರದಿದ್ದರೆ ಮುಂಗಡ ವಾಪಸ್ ಕೇಳಿ. ಅವರು ತಕರಾರು ಮಾಡಿದರೆ ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಡಿ. ಚೀಟಿ ಹಂಚಿದ್ದು ಶಾಲೆಯ ಮುಂದೆಯೇ, ಅವರ ಗಮನಕ್ಕೂ ಬರಬೇಕಾದ ವಿಷಯ ಇದು.